ಐದು ಪದ, ಮೂರು ಪದ: ಡೇಸಿಯಾವನ್ನು ರೋಮ್ ಗೆದ್ದ ಕತೆ

(ನಮ್ಮೂರಿನ ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ಅಲ್ಲಿ ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯ ಸೇರಿಸಿದ್ದೇನೆ. ಉಳಿದದ್ದೆಲ್ಲ ಹೇಳಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಒಂದು ವಾಕ್ಯದಿಂದ ಶುರು ಮಾಡುತ್ತೇನೆ. "ಅಲ್ಲಿಂದ ಬೆರ್ಜೋಬಿಸ್‌ಗೆ, ಆಮೇಲೆ ಐಜಿಗೆ ಸಾಗಿದೆವು." ಇದರಲ್ಲಿ ಏನಿದೆ ಅನ್ನಿಸುತ್ತದೆ, ಅಲ್ವಾ? ಯಾರೋ ಎರಡು ಊರು ದಾಟಿ ಹೋಗಿದ್ದಾರೆ. ಆದರೆ ಇದನ್ನು ಬರೆದವನು ರೋಮ್‌ನ ಚಕ್ರವರ್ತಿ ಟ್ರಾಜನ್. ಡ್ಯಾನ್ಯೂಬ್ ನದಿಯ ಆಚೆ ಡೇಸಿಯಾ ಅಂತ ಒಂದು ರಾಜ್ಯ ಇತ್ತು. ಅದನ್ನು ತಾನು ಗೆದ್ದ ಕತೆಯನ್ನು ಅವನೇ ಪುಸ್ತಕವಾಗಿ ಬರೆದಿದ್ದ. ಆ ಪುಸ್ತಕ ಕಳೆದುಹೋಯಿತು. ಉಳಿದಿದ್ದು ಈ ವಾಕ್ಯ ಒಂದೇ. ಲ್ಯಾಟಿನ್‌ನಲ್ಲಿ ಎಣಿಸಿದರೆ ಐದು ಪದ.

ಅದಾದರೂ ಉಳಿದದ್ದು ಹೇಗೆ ಗೊತ್ತಾ? ಯುದ್ಧ ಮುಗಿದು ಸುಮಾರು 400 ವರ್ಷ ಆದ ಮೇಲೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪ್ರಿಸ್ಕಿಯನ್ ಅಂತ ಒಬ್ಬ ಮೇಷ್ಟ್ರು ಲ್ಯಾಟಿನ್ ವ್ಯಾಕರಣ ಬರೆಯುತ್ತಿದ್ದರು. ಅವರಿಗೆ ಒಂದು ಉದಾಹರಣೆ ಬೇಕಾಗಿತ್ತು. ಚಕ್ರವರ್ತಿಯ ಪುಸ್ತಕದಿಂದ ಈ ಸಾಲನ್ನು ಎತ್ತಿಕೊಂಡರು. ಯುದ್ಧದ ಕತೆ ಅವರಿಗೆ ಮುಖ್ಯ ಆಗಿರಲಿಲ್ಲ, ವ್ಯಾಕರಣ ಮುಖ್ಯ ಆಗಿತ್ತು.

ಇನ್ನು ಸೋತವರ ಕಡೆಗೆ ಬನ್ನಿ. ಡೇಸಿಯಾದ ರಾಜಧಾನಿ ಸಾರ್ಮಿಜೆಗೆಟೂಸಾ. ಈಗಿನ ರೊಮೇನಿಯಾದ ಬೆಟ್ಟಗಳ ನಡುವೆ ಅದರ ಅವಶೇಷ ಇದೆ. ಅಲ್ಲಿ ಅಗೆಯುವಾಗ ಒಂದು ದೊಡ್ಡ ಮಣ್ಣಿನ ಪಾತ್ರೆ ಸಿಕ್ಕಿತು. ಅದರ ಮೈಮೇಲೆ ಲ್ಯಾಟಿನ್ ಅಕ್ಷರದಲ್ಲಿ ಮುದ್ರೆ ಒತ್ತಿದ್ದಾರೆ: 'ಡೆಸೆಬಾಲಸ್ ಪೆರ್ ಸ್ಕೋರಿಲೊ'. ಡೆಸೆಬಾಲಸ್ ಅನ್ನುವುದು ಡೇಸಿಯಾದ ಕೊನೆಯ ರಾಜನ ಹೆಸರು. 'ಪೆರ್' ಅಂದರೆ ಅವರ ಭಾಷೆಯಲ್ಲಿ ಮಗ, ಹಾಗಾಗಿ ಇದು 'ಸ್ಕೋರಿಲೊನ ಮಗ ಡೆಸೆಬಾಲಸ್' ಅಂತ ಕೆಲವು ವಿದ್ವಾಂಸರು ಓದುತ್ತಾರೆ. ಇಲ್ಲ, ಇದು ಲ್ಯಾಟಿನ್ನೇ, 'ಸ್ಕೋರಿಲೊನ ಕೈಯಲ್ಲಿ ಆದದ್ದು' ಅಂತ ಇನ್ನು ಕೆಲವರು ವಾದಿಸುತ್ತಾರೆ. ಏನೇ ಇರಲಿ, ಮೂರು ಪದ.

ಗೆದ್ದವನದು ಐದು ಪದ, ಸೋತವನದು ಮೂರು ಪದ. ಇವೆರಡರ ನಡುವೆ ಒಂದು ರಾಜ್ಯವೇ ಮುಳುಗಿಹೋಗಿದೆ. ಈ ಯುದ್ಧದ ಬಗ್ಗೆ ಓದಲು ಕೂತಾಗಲೆಲ್ಲ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಹಾಗಾಗಿ ಇವತ್ತು ಕಾಗದದಲ್ಲಿ ಉಳಿಯದ ಯುದ್ಧವನ್ನು ಕಲ್ಲಿನಲ್ಲಿ, ಮಣ್ಣಿನಲ್ಲಿ, ಚಿನ್ನದಲ್ಲಿ ಹುಡುಕೋಣ.

ಮೊದಲು ಆ ಜನ ಯಾರು ಅಂತ ನೋಡೋಣ. ಡ್ಯಾನ್ಯೂಬ್‌ನ ಉತ್ತರಕ್ಕೆ ಕಾರ್ಪೇಥಿಯನ್ ಬೆಟ್ಟಗಳು ಬಿಲ್ಲಿನ ಹಾಗೆ ಬಾಗಿವೆ. ಆ ಬಾಗಿನೊಳಗಿನ ನಾಡೇ ಡೇಸಿಯಾದ ನಡುಭಾಗ. ರೋಮನ್ನರು ಅವರನ್ನು ಅನಾಗರಿಕರು ಅಂತ ಕರೆದರು. ಆದರೆ ಅವರ ಕೋಟೆ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಕೆತ್ತಿದ ಕಲ್ಲಿನ ಎರಡು ಗೋಡೆ ಎಬ್ಬಿಸುತ್ತಿದ್ದರು. ನಡುವೆ ಮಣ್ಣು, ಜಲ್ಲಿ ತುಂಬುತ್ತಿದ್ದರು. ಎರಡೂ ಗೋಡೆ ಬಿಟ್ಟುಕೊಳ್ಳದ ಹಾಗೆ ಅಡ್ಡಡ್ಡಲಾಗಿ ಮರದ ತೊಲೆ ಕೂರಿಸಿ ಬಿಗಿಯುತ್ತಿದ್ದರು. ತೊಲೆಯ ತುದಿ ಕೂರಲು ಕಲ್ಲಿನಲ್ಲಿ ಕೊರೆದ ಕಚ್ಚುಗಳು ಇವತ್ತಿಗೂ ಕಾಣುತ್ತವೆ. ರಾಜಧಾನಿ ಇದ್ದದ್ದು ಸಮುದ್ರಮಟ್ಟದಿಂದ 1,000 ಮೀಟರ್‌ಗೂ ಎತ್ತರದಲ್ಲಿ. ಅಲ್ಲಿ ದುಂಡಗಿನ ಗುಡಿಗಳಿದ್ದವು, ಸೂರ್ಯನ ಆಕಾರದ ದೊಡ್ಡ ಕಲ್ಲಿನ ಹಾಸು ಇತ್ತು, ಕಮ್ಮಾರರ ಕುಲುಮೆಗಳಿದ್ದವು, ಕೊಳವೆಯಲ್ಲಿ ಬರುವ ನೀರಿತ್ತು. ರಾಜಧಾನಿಯೂ ಸೇರಿ ಆ ಭಾಗದ ಆರು ಕೋಟೆಗಳನ್ನು ಯುನೆಸ್ಕೊ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಜೊತೆಗೆ ಆ ಬೆಟ್ಟಗಳ ಹೊಟ್ಟೆಯಲ್ಲಿ ಚಿನ್ನ ಇತ್ತು. ಇದನ್ನು ನೆನಪಿಟ್ಟುಕೊಂಡಿರಿ.

ಜೂಲಿಯಸ್ ಸೀಸರ್ ಕಾಲದಲ್ಲೇ ಬುರೆಬಿಸ್ಟಾ ಎಂಬ ರಾಜ ಈ ಪಂಗಡಗಳನ್ನೆಲ್ಲ ಒಟ್ಟುಗೂಡಿಸಿ ದೊಡ್ಡ ಶಕ್ತಿ ಕಟ್ಟಿದ್ದ. ಅವನು ಸತ್ತ ಮೇಲೆ ರಾಜ್ಯ ಚೂರುಚೂರಾಯಿತು. ಮತ್ತೆ ಒಂದಾಗಲು ಒಂದು ಶತಮಾನಕ್ಕಿಂತ ಜಾಸ್ತಿ ಬೇಕಾಯಿತು.

ಕ್ರಿ.ಶ. 85ರ ಸುಮಾರಿಗೆ ಡೇಸಿಯನ್ನರು ನದಿ ದಾಟಿ ರೋಮ್‌ನ ಮೀಸಿಯಾ ಪ್ರಾಂತ್ಯಕ್ಕೆ ನುಗ್ಗಿದರು. ಅಲ್ಲಿನ ಗವರ್ನರ್ ಒಪ್ಪಿಯಸ್ ಸಬೈನಸ್‌ನನ್ನು ಕೊಂದರು. ಆಗ ಚಕ್ರವರ್ತಿಯಾಗಿದ್ದವನು ಡೊಮಿಷಿಯನ್. ಅವನು ತನ್ನ ಕಾವಲುಪಡೆಯ ಮುಖ್ಯಸ್ಥ ಕಾರ್ನೀಲಿಯಸ್ ಫುಸ್ಕಸ್‌ನನ್ನೇ ಸೈನ್ಯ ಕೊಟ್ಟು ಕಳಿಸಿದ. ಫುಸ್ಕಸ್ ವಾಪಸ್ ಬರಲಿಲ್ಲ, ಅವನ ಸೈನ್ಯವೂ ಬರಲಿಲ್ಲ. 88ರಲ್ಲಿ ಇನ್ನೊಬ್ಬ ಸೇನಾಪತಿ ಟಾಪೆ ಎಂಬ ಕಣಿವೆಯಲ್ಲಿ ಗೆದ್ದ. ಆದರೆ ಅಷ್ಟರಲ್ಲಿ ಬೇರೆ ಗಡಿಗಳಲ್ಲಿ ಬೆಂಕಿ ಹತ್ತಿತ್ತು. 89ರಲ್ಲಿ ರಾಜಿ ಆಯಿತು.

ಆ ರಾಜಿಯ ಷರತ್ತುಗಳಲ್ಲೇ ಮುಂದಿನ ಯುದ್ಧದ ಬೀಜ ಇದೆ. ಡೆಸೆಬಾಲಸ್‌ನನ್ನು ರೋಮ್‌ನ ಮಿತ್ರ ರಾಜ ಅಂತ ಒಪ್ಪಿಕೊಂಡರು. ಪ್ರತಿ ವರ್ಷ ಹಣ ಕೊಡಲು ಒಪ್ಪಿದರು. ರೋಮ್‌ನ ಕುಶಲಕರ್ಮಿಗಳನ್ನೂ ಅವನಲ್ಲಿಗೆ ಕಳಿಸಿದರು. ಕೋಟೆ ಕಟ್ಟಬಲ್ಲವರು, ಯುದ್ಧದ ಯಂತ್ರ ಮಾಡಬಲ್ಲವರು ಇವರು. ರೋಮ್‌ನ ಜನರಿಗೆ ಇದು ಕಪ್ಪ ಕೊಟ್ಟ ಹಾಗೆ ಕಂಡಿತು. ಎಷ್ಟೋ ಗಡಿ ರಾಜರಿಗೆ ರೋಮ್ ಹೀಗೆ ಹಣ ಕೊಡುತ್ತಿತ್ತು, ಹೊಸದೇನಲ್ಲ. ಆದರೆ ಒಬ್ಬ ಗವರ್ನರ್, ಒಂದು ಸೈನ್ಯ ಕಳೆದುಕೊಂಡ ಮೇಲೆ ಅದೇ ಹಣ ಮುಖಕ್ಕೆ ಹೊಡೆದಂತಾಗುತ್ತದೆ.

ಈ ಡೆಸೆಬಾಲಸ್ ಎಂಥವನು? ಅವನ ಬಗ್ಗೆ ಒಳ್ಳೆಯ ಮಾತು ಹೇಳಿದ್ದು ರೋಮನ್ ಇತಿಹಾಸಕಾರ ಕಾಸಿಯಸ್ ಡಿಯೊ. ಯುದ್ಧವನ್ನು ಅರ್ಥ ಮಾಡಿಕೊಳ್ಳುವುದರಲ್ಲೂ ನಡೆಸುವುದರಲ್ಲೂ ಚತುರ. ಯಾವಾಗ ಮೇಲೆ ಬೀಳಬೇಕು, ಯಾವಾಗ ಹಿಂದೆ ಸರಿಯಬೇಕು ಅಂತ ಬಲ್ಲವನು. ಹೊಂಚು ಹಾಕುವುದರಲ್ಲಿ ಪಳಗಿದವನು. ಗೆಲುವನ್ನು ಬಳಸಿಕೊಳ್ಳುವುದು ಗೊತ್ತು, ಸೋಲನ್ನು ನಿಭಾಯಿಸುವುದೂ ಗೊತ್ತು. ಡಿಯೊ ಬರೆದದ್ದು ಯುದ್ಧ ಆಗಿ ನೂರು ವರ್ಷದ ಮೇಲೆ. ಆ ಭಾಗ ನಮಗೆ ಸಿಕ್ಕಿರುವುದೂ ಆಮೇಲಿನವರು ಮಾಡಿದ ಸಂಕ್ಷೇಪದಲ್ಲಿ. ಆದರೂ ಶತ್ರುವಿನ ಬಾಯಿಂದ ಬಂದ ಈ ಹೊಗಳಿಕೆಯನ್ನು ನಾನು ನಂಬುತ್ತೇನೆ.

98ರಲ್ಲಿ ಟ್ರಾಜನ್ ಪಟ್ಟಕ್ಕೆ ಬಂದ. ಹುಟ್ಟಿದ್ದು ಸ್ಪೇನ್‌ನ ಇಟಾಲಿಕಾದಲ್ಲಿ, ಬೆಳೆದದ್ದು ಸೈನ್ಯದಲ್ಲಿ. ಅವನು ಆತುರಪಡಲಿಲ್ಲ. ಮೊದಲು ದಾರಿ ಮಾಡಿಸಿದ. ಡ್ಯಾನ್ಯೂಬ್ ಒಂದು ಕಡೆ ಕಡಿದಾದ ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿಯುತ್ತದೆ. ಅದಕ್ಕೆ ಕಬ್ಬಿಣದ ಬಾಗಿಲು ಅನ್ನುತ್ತಾರೆ. ಆ ಬಂಡೆಯನ್ನೇ ಕಡಿದು ನೀರಿನ ಪಕ್ಕದಲ್ಲಿ ರಸ್ತೆ ಮಾಡಿದರು. ಕ್ರಿ.ಶ. 100ರಲ್ಲಿ ಕೆತ್ತಿದ ಅದರ ಶಾಸನ ಇವತ್ತೂ ಸೆರ್ಬಿಯಾದ ದಡದಲ್ಲಿದೆ. ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿ ಅಣೆಕಟ್ಟು ಬಂತು, ರಸ್ತೆ ಮುಳುಗಿತು. ಶಾಸನವನ್ನು ಮಾತ್ರ ಬಂಡೆಯಿಂದ ಕತ್ತರಿಸಿ ಮೇಲಕ್ಕೆ ಎತ್ತಿಟ್ಟರು.

101ರ ಮಾರ್ಚ್ 25ರಂದು ಟ್ರಾಜನ್ ರೋಮ್ ಬಿಟ್ಟ. ದೋಣಿಗಳನ್ನು ಸಾಲಾಗಿ ಕಟ್ಟಿ ಸೇತುವೆ ಮಾಡಿ ಸೈನ್ಯ ನದಿ ದಾಟಿತು. ಆ ಬೆರ್ಜೋಬಿಸ್, ಐಜಿ ಎಲ್ಲ ಈ ದಾರಿಯಲ್ಲೇ ಬರುತ್ತವೆ. ಮತ್ತೆ ಟಾಪೆ ಕಣಿವೆಯಲ್ಲಿ ಕಾದಾಟ. ಅದಕ್ಕೆ ಮುಂಚೆ ನಡೆದದ್ದು ಅಂತ ಡಿಯೊ ಒಂದು ಘಟನೆ ಹೇಳುತ್ತಾನೆ. ಟ್ರಾಜನ್‌ಗೆ ಒಂದು ದೊಡ್ಡ ಅಣಬೆ ತಂದು ಕೊಟ್ಟರಂತೆ. ಅದರ ಮೇಲೆ ಲ್ಯಾಟಿನ್‌ನಲ್ಲಿ ಬರೆದಿತ್ತು: ಅಕ್ಕಪಕ್ಕದ ಪಂಗಡದವರು ಹೇಳುತ್ತಿದ್ದೇವೆ, ವಾಪಸ್ ಹೋಗು, ಶಾಂತಿ ಕಾಪಾಡು ಅಂತ. ಟ್ರಾಜನ್ ಕಿವಿಗೆ ಹಾಕಿಕೊಳ್ಳಲಿಲ್ಲ. ಗಾಯಾಳುಗಳು ಎಷ್ಟಾದರೆಂದರೆ ಕಟ್ಟಲು ಬಟ್ಟೆ ಸಾಲಲಿಲ್ಲ. ಆಗ ಚಕ್ರವರ್ತಿ ತನ್ನ ಬಟ್ಟೆಯನ್ನೇ ಹರಿದು ಕೊಟ್ಟ ಅಂತಲೂ ಡಿಯೊ ಬರೆದಿದ್ದಾನೆ.

ಡೇಸಿಯನ್ನರ ಒಂದು ಆಯುಧದ ಬಗ್ಗೆ ಹೇಳಲೇಬೇಕು. ಫಾಲ್ಕ್ಸ್ ಅಂತ. ನಮ್ಮ ಕುಡುಗೋಲಿನ ಹಾಗೆ ಒಳಬದಿಗೆ ಬಾಗಿದ ಅಲಗು. ಆದರೆ ದೊಡ್ಡದು, ಎರಡು ಕೈಯಲ್ಲಿ ಹಿಡಿದು ಬೀಸುವಂಥದ್ದು. ಗುರಾಣಿಯ ಮೇಲಿಂದ ಬಂದು ತಲೆಗೆ, ತೋಳಿಗೆ ಕಚ್ಚುತ್ತಿತ್ತು. ರೋಮನ್ನರು ತಮ್ಮ ಶಿರಸ್ತ್ರಾಣದ ಮೇಲೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಬಡಿಸಿಕೊಂಡರು. ಬಲತೋಳಿಗೆ ಲೋಹದ ಕವಚ ಹಾಕಿದರು. ಕಪ್ಪು ಸಮುದ್ರದ ಹತ್ತಿರ ಆಡಂಕ್ಲಿಸಿ ಅಂತ ಒಂದು ಊರಿದೆ. ಅಲ್ಲಿ 109ರಲ್ಲಿ ಟ್ರಾಜನ್ ಒಂದು ವಿಜಯ ಸ್ಮಾರಕ ಕಟ್ಟಿಸಿದ. ಅದರ ಕಲ್ಲಿನ ಫಲಕಗಳಲ್ಲಿ ಈ ಆಯುಧವನ್ನೂ ತೋಳಿನ ಕವಚವನ್ನೂ ಕಾಣಬಹುದು. ಕೆತ್ತನೆ ಒರಟು. ರೋಮ್‌ನ ನಯ ಅದಕ್ಕಿಲ್ಲ. ಆದರೆ ಕೆತ್ತಿದವರು ಯುದ್ಧವನ್ನು ಹತ್ತಿರದಿಂದ ಬಲ್ಲವರು ಅನ್ನಿಸುತ್ತದೆ. ಆ ಒರಟು ಕಲ್ಲುಗಳ ಮೇಲೆ ನನಗೆ ಜಾಸ್ತಿ ವಿಶ್ವಾಸ.

102ರಲ್ಲಿ ಡೆಸೆಬಾಲಸ್ ಮಣಿದ. ಆಯುಧ, ಯಂತ್ರ, ಅವನ್ನು ಮಾಡುವವರು, ಅವನ ಕಡೆ ಓಡಿಬಂದಿದ್ದ ರೋಮನ್ನರು, ಎಲ್ಲವನ್ನೂ ಒಪ್ಪಿಸಬೇಕು. ಕೋಟೆಗಳನ್ನು ಕೆಡವಬೇಕು. ಅವನು ನೆಲಕ್ಕೆ ಬಿದ್ದು ಒಪ್ಪಿಕೊಂಡ. ಟ್ರಾಜನ್ ರೋಮ್‌ಗೆ ಹೋಗಿ 'ಡಾಸಿಕಸ್' ಎಂಬ ಬಿರುದು ಪಡೆದ. ಇಲ್ಲಿಗೆ ಮುಗಿಯಬಹುದಿತ್ತು.

ಆದರೆ ಟ್ರಾಜನ್ ಹೋಗುವಾಗ ನದಿಯ ಮೇಲೆ ಒಂದು ಕೆಲಸ ಹಚ್ಚಿಯೇ ಹೋಗಿದ್ದ. ಸೇತುವೆ. ಈ ಸಲ ದೋಣಿಯದಲ್ಲ, ಕಲ್ಲಿನ ಕಂಬಗಳದ್ದು. ಅದನ್ನು ಕಟ್ಟಿದವನು ಅಪೊಲೊಡೋರಸ್, ಸಿರಿಯಾದ ಡಮಾಸ್ಕಸ್ ಊರಿನವನು. ಉದ್ದ 1,100 ಮೀಟರ್‌ಗೂ ಹೆಚ್ಚು. ನೀರಿನ ನಡುವೆ 20 ಕಂಬ ಅಂತ ಡಿಯೊ ಲೆಕ್ಕ ಕೊಡುತ್ತಾನೆ. ಕಂಬದಿಂದ ಕಂಬಕ್ಕೆ ಮರದ ಕಮಾನು. 103ರಿಂದ 105ರೊಳಗೆ ಮುಗಿಸಿದರು. ಸುಮ್ನೆ ಯೋಚಿಸಿ. ಅಷ್ಟು ಸೆಳವಿರುವ ನದಿ, ಕೆಳಗೆ ಕೆಸರು. ಎಂಜಿನ್ ಇಲ್ಲ, ಮೂರೇ ವರ್ಷ. ಆಮೇಲೆ ಸಾವಿರಕ್ಕೂ ಹೆಚ್ಚು ವರ್ಷ ಇಷ್ಟು ಉದ್ದದ ಕಮಾನು ಸೇತುವೆಯನ್ನು ಯಾರೂ ಕಟ್ಟಲಿಲ್ಲ. ಎರಡೂ ದಡದಲ್ಲಿ ಅದರ ಬುಡ ಇನ್ನೂ ನಿಂತಿದೆ. ಒಂದು ಬದಿ ರೊಮೇನಿಯಾ, ಇನ್ನೊಂದು ಬದಿ ಸೆರ್ಬಿಯಾ.

ಡೆಸೆಬಾಲಸ್ ಜಾಗದಲ್ಲಿ ನಿಂತು ಆ ಸೇತುವೆಯನ್ನು ನೋಡಿ. ಒಪ್ಪಂದ ಆಗಿದೆ, ಶಾಂತಿ ಇದೆ ಅನ್ನುತ್ತಾರೆ. ಆದರೆ ನಿಮ್ಮ ಮನೆ ಬಾಗಿಲಿಗೆ ನೇರವಾಗಿ ಸೈನ್ಯ ಬರುವಂಥ ಕಲ್ಲಿನ ದಾರಿ ದಿನದಿನ ಹತ್ತಿರ ಬರುತ್ತಿದೆ. ಡೆಸೆಬಾಲಸ್ ಒಪ್ಪಂದ ಮುರಿದ, ಹಾಗಾಗಿ ಎರಡನೇ ಯುದ್ಧ ಆಯಿತು ಅಂತ ರೋಮನ್ನರು ಹೇಳುತ್ತಾರೆ. ಅವನು ಕೋಟೆ ಮತ್ತೆ ಕಟ್ಟಿದ್ದು ನಿಜ, ಆಯುಧ ಕೂಡಿಸಿದ್ದು ನಿಜ. ಆದರೆ ಇಂಥ ಸೇತುವೆಯನ್ನು ಸುಮ್ಮನೆ ನೆರೆಹೊರೆಗೆ ಹೋಗಿಬರಲು ಯಾರೂ ಕಟ್ಟುವುದಿಲ್ಲ. ಎರಡನೇ ಯುದ್ಧ ಶುರುವಾದದ್ದು ಅದರ ಮೊದಲ ಕಂಬದ ಬುನಾದಿ ಹಾಕಿದ ದಿನವೇ ಅಂತ ನಾನು ತಿಳಿದಿದ್ದೇನೆ.

105ರ ಜೂನ್ 4ರಂದು ಟ್ರಾಜನ್ ಮತ್ತೆ ಹೊರಟ. ಈ ಹೊತ್ತಿನಲ್ಲಿ ನಡೆದ ಲಾಂಜೈನಸ್‌ನ ಕತೆ ನನ್ನನ್ನು ತುಂಬ ಕಾಡುತ್ತದೆ. ಅವನು ರೋಮ್‌ನ ಸೇನಾಧಿಕಾರಿ. ಮಾತುಕತೆಗೆ ಅಂತ ಕರೆಸಿ ಡೆಸೆಬಾಲಸ್ ಅವನನ್ನು ಹಿಡಿದಿಟ್ಟುಕೊಂಡ. ಬಿಡಬೇಕಾದರೆ ಡ್ಯಾನ್ಯೂಬ್‌ವರೆಗಿನ ನೆಲ ವಾಪಸ್ ಕೊಡು, ಯುದ್ಧದ ಖರ್ಚೂ ಕೊಡು ಅಂತ ಕೇಳಿದ. ಟ್ರಾಜನ್ ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ ಅನ್ನುವಂಥ ಉತ್ತರ ಕಳಿಸಿದ. ಲಾಂಜೈನಸ್‌ಗೆ ಅರ್ಥ ಆಯಿತು. ತಾನು ಬದುಕಿರುವವರೆಗೆ ಚಕ್ರವರ್ತಿಯ ಕೈ ಕಟ್ಟಿದೆ. ತನ್ನ ಹಳೆಯ ಸೇವಕನ ಮೂಲಕ ವಿಷ ತರಿಸಿಕೊಂಡ. ಅವನನ್ನು ಉಪಾಯವಾಗಿ ಟ್ರಾಜನ್ ಬಳಿಗೆ ಕಳಿಸಿ ಪಾರು ಮಾಡಿದ. ಆಮೇಲೆ ರಾತ್ರಿ ವಿಷ ಕುಡಿದ. ಡೆಸೆಬಾಲಸ್ ಅವನ ಹೆಣವನ್ನು ಕೊಡುತ್ತೇನೆ, ಬದಲಿಗೆ ಆ ಸೇವಕನನ್ನು ಕೊಡು ಅಂದ. ಟ್ರಾಜನ್ ಕೊಡಲಿಲ್ಲ. ಸತ್ತವನನ್ನು ಮಣ್ಣು ಮಾಡುವುದಕ್ಕಿಂತ ಬದುಕಿರುವವನ ಜೀವ ದೊಡ್ಡದು ಅಂದನಂತೆ.

106ರಲ್ಲಿ ಸಾರ್ಮಿಜೆಗೆಟೂಸಾಕ್ಕೆ ಮುತ್ತಿಗೆ ಬಿತ್ತು. ಇಲ್ಲಿಂದ ಮುಂದೆ ನಮಗಿರುವ ಮುಖ್ಯ ಆಧಾರ ರೋಮ್ ನಗರದ ಟ್ರಾಜನ್ ಕಂಬ. 113ರಲ್ಲಿ ನಿಲ್ಲಿಸಿದ್ದು. ಪೀಠ ಬಿಟ್ಟು ಸುಮಾರು 30 ಮೀಟರ್ ಎತ್ತರ. ಅದಕ್ಕೆ ಬಳ್ಳಿಯಂತೆ ಸುತ್ತಿಕೊಂಡು ಕೆತ್ತನೆಯ ಪಟ್ಟಿ ಮೇಲೇರುತ್ತದೆ. ಬಿಚ್ಚಿ ಹಾಸಿದರೆ ಸುಮಾರು 200 ಮೀಟರ್ ಆಗುತ್ತದೆ. ಅದರಲ್ಲಿ 2,500ಕ್ಕೂ ಹೆಚ್ಚು ಆಕೃತಿಗಳು. ಎರಡೂ ಯುದ್ಧದ ಕತೆ ಕೆಳಗಿನಿಂದ ಮೇಲಕ್ಕೆ ನಡೆಯುತ್ತದೆ. ಕಂಬದ ಅಕ್ಕಪಕ್ಕ ಎರಡು ಗ್ರಂಥಾಲಯ ಇದ್ದವು. ಒಂದು ಗ್ರೀಕ್ ಪುಸ್ತಕಗಳದ್ದು, ಒಂದು ಲ್ಯಾಟಿನ್‌ನದ್ದು. ಗ್ರಂಥಾಲಯದಲ್ಲಿ ಕೂತು ಹೇಳಲು ನೋವಾಗುವ ಮಾತಿದು: ಪುಸ್ತಕಗಳೆಲ್ಲ ಹೋದವು, ನಡುವಿನ ಕಲ್ಲು ನಿಂತಿದೆ.

ಈ ಕಂಬದಲ್ಲಿ ಯುದ್ಧದ ದೃಶ್ಯಗಳಿಗಿಂತ ಕೆಲಸದ ದೃಶ್ಯಗಳೇ ಜಾಸ್ತಿ. ಸೈನಿಕರು ಮರ ಕಡಿಯುತ್ತಾರೆ, ಬುಟ್ಟಿಯಲ್ಲಿ ಮಣ್ಣು ಹೊರುತ್ತಾರೆ, ಗೋಡೆ ಕಟ್ಟುತ್ತಾರೆ, ದಾರಿ ಬಿಡಿಸುತ್ತಾರೆ. ರೋಮ್ ಈ ದೇಶವನ್ನು ಗೆದ್ದದ್ದು ಕತ್ತಿಗಿಂತ ಕೊಡಲಿಯಿಂದ. ಕ್ರೌರ್ಯವನ್ನೂ ಮುಚ್ಚಿಟ್ಟಿಲ್ಲ. ಕಡಿದ ತಲೆಗಳನ್ನು ಚಕ್ರವರ್ತಿಯ ಮುಂದೆ ಎತ್ತಿ ಹಿಡಿದು ತೋರಿಸುವ ಸೈನಿಕರಿದ್ದಾರೆ. ಊರಿಗೆ ಬೆಂಕಿ ಇಡುವವರಿದ್ದಾರೆ.

ರಾಜಧಾನಿ ಬೀಳುವ ಹೊತ್ತಿನ ಒಂದು ದೃಶ್ಯ ಇದೆ. ಕೋಟೆಯೊಳಗೆ ದೊಡ್ಡ ಪಾತ್ರೆಯ ಸುತ್ತ ಡೇಸಿಯನ್ನರು ಸೇರಿದ್ದಾರೆ. ಒಬ್ಬ ಬಟ್ಟಲಲ್ಲಿ ಏನೋ ಕೊಡುತ್ತಿದ್ದಾನೆ. ಕೈ ಚಾಚಿದವರಿದ್ದಾರೆ, ಕುಸಿದು ಬಿದ್ದವರಿದ್ದಾರೆ. ಅದು ವಿಷ, ಸೆರೆಯಾಗುವ ಬದಲು ಎಲ್ಲ ಕುಡಿದು ಸತ್ತರು ಅಂತ ಕೆಲವರು ಹೇಳುತ್ತಾರೆ. ಅದು ಕೊನೆಯ ನೀರು, ಮುತ್ತಿಗೆಯಲ್ಲಿ ಬಾಯಾರಿದವರಿಗೆ ಹಂಚುತ್ತಿದ್ದಾರೆ ಅಂತ ಇನ್ನು ಕೆಲವರು. ಪಕ್ಕದಲ್ಲಿ ಒಂದು ಸಾಲು ಬರಹ ಇದ್ದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ.

ಡೆಸೆಬಾಲಸ್ ತಪ್ಪಿಸಿಕೊಂಡು ಬೆಟ್ಟದ ಕಡೆ ಓಡಿದ. ರೋಮನ್ ಕುದುರೆ ಸವಾರರು ಬೆನ್ನಟ್ಟಿದರು. ಕಂಬದಲ್ಲಿ ಕಾಣುವುದು ಹೀಗೆ: ಒಂದು ಮರದ ಬುಡದಲ್ಲಿ ಅವನು ಮಂಡಿಯೂರಿದ್ದಾನೆ. ಕೈಯಲ್ಲಿ ಬಾಗಿದ ಚೂರಿ ಇದೆ. ಕುದುರೆಯ ಮೇಲಿಂದ ಒಬ್ಬ ಸವಾರ ಅವನತ್ತ ಕೈ ಚಾಚಿದ್ದಾನೆ.

ಆ ಸವಾರ ಯಾರು? 1,800 ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಗೊತ್ತಿರಲಿಲ್ಲ. 1965ರಲ್ಲಿ ಗ್ರೀಸ್ ದೇಶದ ಫಿಲಿಪ್ಪಿ ಹತ್ತಿರ, ಗ್ರಾಮೆನಿ ಎಂಬ ಹಳ್ಳಿಯಲ್ಲಿ ಒಂದು ಎತ್ತರದ ಸಮಾಧಿ ಕಲ್ಲು ಸಿಕ್ಕಿತು. ಮೇಲುಗಡೆ ಕುದುರೆ ಸವಾರ, ಅವನ ಮುಂದೆ ಬೀಳುತ್ತಿರುವ ಒಬ್ಬ ಡೇಸಿಯನ್, ಅವನ ಕೈಯಿಂದ ಜಾರುತ್ತಿರುವ ಚೂರಿ. ಕೆಳಗೆ ಬರಹ. ನಮ್ಮ ಊರಂಚಿನ ವೀರಗಲ್ಲು ನೋಡಿದವರಿಗೆ ಇಂಥ ಕಲ್ಲು ಓದುವ ಬಗೆ ಹೇಳಿಕೊಡಬೇಕಿಲ್ಲ. ಒಂದೇ ವ್ಯತ್ಯಾಸ: ಇದನ್ನು ಆ ಸೈನಿಕ ತಾನು ಬದುಕಿರುವಾಗಲೇ ಮಾಡಿಸಿಕೊಂಡಿದ್ದ.

ಹೆಸರು ಟೈಬೀರಿಯಸ್ ಕ್ಲಾಡಿಯಸ್ ಮ್ಯಾಕ್ಸಿಮಸ್. ಡೊಮಿಷಿಯನ್ ಕಾಲದ ಡೇಸಿಯಾ ಯುದ್ಧದಲ್ಲೇ ಪದಕ ಪಡೆದಿದ್ದ. ಟ್ರಾಜನ್ ಕಾಲದಲ್ಲಿ ಮುಂದೆ ಹೋಗಿ ಶತ್ರುವಿನ ಸುಳಿವು ತರುವ ಪಡೆಯಲ್ಲಿದ್ದ. ಬಡ್ತಿ ಯಾಕೆ ಸಿಕ್ಕಿತು ಅಂತಲೂ ಕಲ್ಲಿನಲ್ಲಿ ಬರೆಸಿದ್ದಾನೆ: ಡೆಸೆಬಾಲಸ್‌ನನ್ನು ಹಿಡಿದು, ಅವನ ತಲೆಯನ್ನು ರಾನಿಸ್ಟೋರಮ್ ಎಂಬಲ್ಲಿದ್ದ ಟ್ರಾಜನ್‌ಗೆ ಒಪ್ಪಿಸಿದ್ದಕ್ಕೆ.

'ಹಿಡಿದು' ಅನ್ನುವ ಪದ ಗಮನಿಸಿ. ಡಿಯೊ ಪ್ರಕಾರ ರಾಜ ತಾನೇ ಪ್ರಾಣ ಬಿಟ್ಟ. ಕಂಬವೂ ಅದನ್ನೇ ತೋರಿಸುತ್ತದೆ. ಈ ಸೈನಿಕನ ಸ್ವಂತ ಕಲ್ಲಿನ ಚಿತ್ರದಲ್ಲೂ ಚೂರಿ ಜಾರುತ್ತಿದೆ. ಆದರೆ ಬರಹ ಮಾತ್ರ 'ಹಿಡಿದೆ' ಅನ್ನುತ್ತದೆ. ಅವನು ಸುಳ್ಳು ಬರೆಸಿದ ಅಂತ ನಾನು ಹೇಳುವುದಿಲ್ಲ. ಕೈ ಚಾಚಿದ್ದ, ಒಂದು ಕ್ಷಣ ತಡವಾಯಿತು. ಆ ಕ್ಷಣವನ್ನು ಡೆಸೆಬಾಲಸ್ ಗೆದ್ದ. ಅವನು ಬೇಡಿ ತೊಟ್ಟು ರೋಮ್‌ನ ಬೀದಿಯಲ್ಲಿ ನಡೆಯಲಿಲ್ಲ. ಅವನ ತಲೆ ಮಾತ್ರ ಅಲ್ಲಿಗೆ ಹೋಯಿತು. ಅದನ್ನು ಜನ ನೋಡುವ ಹಾಗೆ, ಅಪರಾಧಿಗಳ ಹೆಣ ಎಸೆಯುತ್ತಿದ್ದ ಜೆಮೋನಿಯನ್ ಮೆಟ್ಟಿಲ ಮೇಲೆ ಎಸೆದರು.

ಇನ್ನು ಚಿನ್ನ. ಡೆಸೆಬಾಲಸ್ ತನ್ನ ಅರಮನೆಯ ಪಕ್ಕದ ಸಾರ್ಗೇಶಿಯಾ ಎಂಬ ಹೊಳೆಯನ್ನು ಬೇರೆ ಕಡೆ ತಿರುಗಿಸಿ, ಅದರ ಪಾತ್ರದಲ್ಲಿ ಗುಂಡಿ ತೋಡಿ, ಬೆಳ್ಳಿ ಬಂಗಾರ ಹೂತು, ಮೇಲೆ ಕಲ್ಲು ಮುಚ್ಚಿ, ಹೊಳೆಯನ್ನು ಮತ್ತೆ ಮೊದಲಿನ ದಾರಿಗೆ ಬಿಡಿಸಿದ್ದನಂತೆ. ಕೆಲಸಕ್ಕೆ ಸೆರೆಯಾಳುಗಳನ್ನು ಬಳಸಿ, ಗುಟ್ಟು ಹೊರಬೀಳದ ಹಾಗೆ ಅವರನ್ನು ಕೊಲ್ಲಿಸಿದ. ಆದರೆ ಬಿಸಿಲಿಸ್ ಎಂಬ ಆಪ್ತ ಸೆರೆ ಸಿಕ್ಕಾಗ ಜಾಗ ತೋರಿಸಿಬಿಟ್ಟ. ಇದೂ ಡಿಯೊ ಹೇಳಿದ್ದು. ಸಿಕ್ಕಿದ್ದು ಎಷ್ಟು? ಟ್ರಾಜನ್‌ನ ವೈದ್ಯ ಕ್ರೈಟನ್ ಯುದ್ಧದಲ್ಲಿ ಜೊತೆಗಿದ್ದು ಪುಸ್ತಕ ಬರೆದಿದ್ದ. ಅದೂ ಕಳೆದುಹೋಗಿದೆ. ಆರನೇ ಶತಮಾನದ ಲೇಖಕನೊಬ್ಬ ಅದರಿಂದ ತೆಗೆದ ಲೆಕ್ಕದ ಪ್ರಕಾರ 50 ಲಕ್ಷ ರೋಮನ್ ಪೌಂಡ್ ಚಿನ್ನ, ಅದರ ಎರಡರಷ್ಟು ಬೆಳ್ಳಿ. ಇದು ನಂಬುವ ಹಾಗಿಲ್ಲ. ನಕಲು ಮಾಡುವಾಗ ಸಂಖ್ಯೆ ಹತ್ತು ಪಟ್ಟು ಹಿಗ್ಗಿದೆ ಅಂತ ಒಂದು ವಾದ ಇದೆ. ಹಾಗೆ ಇಳಿಸಿದರೂ ಸುಮಾರು 165 ಟನ್ ಚಿನ್ನ ಆಗುತ್ತದೆ.

ಆ ಹಣದಲ್ಲಿ ರೋಮ್ ಬದಲಾಯಿತು. ಅಪೊಲೊಡೋರಸ್ ಕೈಯಲ್ಲೇ ಟ್ರಾಜನ್ ಹೊಸ ಚೌಕ ಕಟ್ಟಿಸಿದ. 112ರಲ್ಲಿ ಅದು ತೆರೆಯಿತು. ಅದಕ್ಕೂ ಮುಂಚೆ ಗೆಲುವಿನ ಸಂಭ್ರಮ 123 ದಿನ ನಡೆಯಿತು. 10,000 ಗ್ಲಾಡಿಯೇಟರ್‌ಗಳು ಕಾದಾಡಿದರು, ಸುಮಾರು 11,000 ಪ್ರಾಣಿಗಳನ್ನು ಕೊಂದರು. ಈ ಲೆಕ್ಕ ಕೊಡುವ ಪುಟದಲ್ಲೇ ಡಿಯೊ ಇನ್ನೊಂದು ಮಾತು ಹೇಳುತ್ತಾನೆ. ಟ್ರಾಜನ್ ವಾಪಸ್ ಬಂದಾಗ ಅವನನ್ನು ಕಾಣಲು ಬಂದ ದೂತರಲ್ಲಿ ಭಾರತದವರೂ ಇದ್ದರು. ಭಾರತದ ಯಾವ ರಾಜ ಕಳಿಸಿದ್ದು ಅಂತ ಅವನು ಬರೆದಿಲ್ಲ. ನಮ್ಮ ನಾಡಿಗೆ ರೋಮ್ ಅಪರಿಚಿತ ಆಗಿರಲಿಲ್ಲ ಅನ್ನುವುದಕ್ಕೆ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳೇ ಸಾಕ್ಷಿ. ಅವು ಟ್ರಾಜನ್‌ಗಿಂತ ಹಿಂದಿನವು. ಆದರೂ ಭಾರತದ ಯಾರೋ ಕೆಲವರು ಆ ಗೆಲುವಿನ ಬೀದಿಗಳಲ್ಲಿ ನಿಂತು, ಸೆರೆಯಾದ ಡೇಸಿಯನ್ನರನ್ನು ನೋಡಿರಬಹುದು ಅನ್ನುವ ಯೋಚನೆ ನನ್ನನ್ನು ಬಿಡುವುದಿಲ್ಲ.

ಹೂತಿಟ್ಟ ಚಿನ್ನ ಒಂದು ಸಲದ್ದು. ಗಣಿಯ ಚಿನ್ನ ಮುಗಿಯದ್ದು. ಅಲ್ಬರ್ನಸ್ ಮೇಯರ್ ಎಂಬ ಊರಿಗೆ ಅಡ್ರಿಯಾಟಿಕ್ ಸಮುದ್ರದ ಕಡೆಯಿಂದ ಗಣಿ ಕೆಲಸ ಬಲ್ಲವರನ್ನು ತಂದು ಕೂರಿಸಿದರು. ಈಗ ಅದರ ಹೆಸರು ರೋಶಿಯಾ ಮೊಂಟಾನಾ. ಅವರು ಕೊರೆದ ಸುರಂಗಗಳು ಕಿಲೋಮೀಟರ್‌ಗಟ್ಟಲೆ ಇವೆ. ಆ ಸುರಂಗಗಳೊಳಗೆ 1786ರಿಂದ 1855ರವರೆಗೆ ಆಗಾಗ ಮೇಣ ಸವರಿದ ಮರದ ಹಲಗೆಗಳು ಸಿಕ್ಕವು. ಸಾಲದ ಪತ್ರ, ಕೂಲಿಯ ಕರಾರು, ಮನೆ ಮಾರಿದ ಪತ್ರ. ಚಕ್ರವರ್ತಿಯ ಪುಸ್ತಕ ಹೋಯಿತು, ಇವು ಉಳಿದವು!

ಅದರಲ್ಲಿ ಒಂದರ ತಾರೀಖು 139ರ ಮಾರ್ಚ್ 17. ಮ್ಯಾಕ್ಸಿಮಸ್ ಎಂಬ ಇನ್ನೊಬ್ಬ, ಬಾಟೊ ಎಂಬವನ ಮಗ, ಒಂದು ಹುಡುಗಿಯನ್ನು ಕೊಂಡುಕೊಂಡ ಪತ್ರ. ಹೆಸರು ಪಾಸಿಯಾ. ವಯಸ್ಸು ಹೆಚ್ಚುಕಡಿಮೆ ಆರು. ಬೆಲೆ 205 ದಿನಾರಿ, ಅಂದರೆ ಅಷ್ಟು ರೋಮನ್ ಬೆಳ್ಳಿ ನಾಣ್ಯ. ಹುಡುಗಿ ಆರೋಗ್ಯವಾಗಿದ್ದಾಳೆ, ಕಳ್ಳತನ ಮಾಡಿದವಳಲ್ಲ, ಓಡಿಹೋಗುವವಳಲ್ಲ, ಅಲೆಯುವವಳಲ್ಲ ಅಂತ ಮಾರಿದವನು ಖಾತ್ರಿ ಕೊಟ್ಟಿದ್ದಾನೆ. ಗೆದ್ದು 33 ವರ್ಷ ಆಗಿತ್ತು. ಪ್ರಾಂತ್ಯದಲ್ಲಿ ಶಾಂತಿ ಇತ್ತು, ಕಾನೂನು ಇತ್ತು, ಸಾಕ್ಷಿಗಳ ಮುದ್ರೆ ಇತ್ತು. ಆ ಶಾಂತಿಯ ಬಗ್ಗೆ ಯಾರಾದರೂ ಹೊಗಳಿ ಬರೆದದ್ದನ್ನು ಓದುವಾಗ ನಾನು ಈ ಹಲಗೆಯನ್ನು ನೆನಪು ಮಾಡಿಕೊಳ್ಳುತ್ತೇನೆ.

ರೋಮ್ ಅಲ್ಲಿ ಸುಮಾರು 165 ವರ್ಷ ಇತ್ತು. 270ರ ದಶಕದಲ್ಲಿ ಚಕ್ರವರ್ತಿ ಆರೇಲಿಯನ್ ಸೈನ್ಯವನ್ನು ನದಿಯ ಈಚೆಗೆ ಕರೆಸಿಕೊಂಡ. ಚಿನ್ನದ ಕತೆ ಮಾತ್ರ ಮುಗಿಯಲಿಲ್ಲ. 1999ರಿಂದ 2001ರ ನಡುವೆ ಸಾರ್ಮಿಜೆಗೆಟೂಸಾದ ಕಾಡಿನಲ್ಲಿ ನಿಧಿಗಳ್ಳರು ಲೋಹ ಪತ್ತೆ ಯಂತ್ರ ಹಿಡಿದು ಅಗೆದರು. ಹಾವಿನಂತೆ ಸುತ್ತಿದ ಚಿನ್ನದ ಕಡಗಗಳು ಸಿಕ್ಕವು. ಒಂದೊಂದೂ ಸುಮಾರು ಒಂದು ಕಿಲೊ ತೂಕ. ದೇಶದೇಶಕ್ಕೆ ಮಾರಿಬಿಟ್ಟಿದ್ದರು. ರೊಮೇನಿಯಾ ಸರ್ಕಾರ ವರ್ಷಗಟ್ಟಲೆ ಓಡಾಡಿ 13 ಕಡಗಗಳನ್ನು ವಾಪಸ್ ತಂದಿತು. ಟ್ರಾಜನ್‌ನ ಸೈನಿಕರ ಕಣ್ಣಿಗೂ ಬೀಳದೆ ಉಳಿದ ಚಿನ್ನ ಅದು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಕೇಳಿದರು: "ಹಾಗಾದ್ರೆ ಆ ಜನ ಎಲ್ಲ ಏನಾದರು? ಪೂರ್ತಿ ಅಳಿದುಹೋದರಾ?" ಅಲ್ಲಿ ಕೊಟ್ಟ ಉತ್ತರವನ್ನೇ ಇಲ್ಲೂ ಬರೆಯುತ್ತೇನೆ.

ಇಲ್ಲ ಅಮ್ಮ, ಪೂರ್ತಿ ಅಳಿಯಲಿಲ್ಲ. ಬಹಳ ಜನ ಸತ್ತರು, ಬಹಳ ಜನ ಗುಲಾಮರಾದರು. ಗಂಡಸರನ್ನು ರೋಮ್‌ನ ಸೈನ್ಯಕ್ಕೆ ಸೇರಿಸಿ ದೂರದ ಬ್ರಿಟನ್‌ವರೆಗೂ ಕಳಿಸಿದರು. ಅಲ್ಲಿ ರೋಮನ್ನರ ಗಡಿಗೋಡೆಯಾದ ಹೇಡ್ರಿಯನ್ ಗೋಡೆಯ ಮೇಲೆ ಡೇಸಿಯನ್ನರ ಒಂದು ಪಡೆಯೇ ಕಾವಲಿತ್ತು. ಅವರಲ್ಲೊಬ್ಬರು ತಮ್ಮ ಮಗುವಿಗೆ ಡೆಸೆಬಾಲಸ್ ಅಂತ ಹೆಸರಿಟ್ಟಿದ್ದರು. ಆ ಮಗುವಿನ ಸಮಾಧಿ ಕಲ್ಲು ಸಿಕ್ಕಿದೆ. ಊರಲ್ಲಿ ಉಳಿದವರ ಭಾಷೆ ನಿಧಾನಕ್ಕೆ ಲ್ಯಾಟಿನ್‌ನೊಳಗೆ ಕರಗಿತು. ಈಗ ರೊಮೇನಿಯಾದಲ್ಲಿ ಮಕ್ಕಳಿಗೆ ಟ್ರಾಯಾನ್ ಅಂತಲೂ ಹೆಸರಿಡುತ್ತಾರೆ, ಡೆಚೆಬಾಲ್ ಅಂತಲೂ ಇಡುತ್ತಾರೆ.

ನಿಮ್ಮ ಪ್ರಶ್ನೆಗೆ ರೋಮನ್ನರು ಕಲ್ಲಿನಲ್ಲಿ ಕೊಟ್ಟ ಉತ್ತರವೂ ಒಂದಿದೆ. ಅದು ಕಂಬದ ತುತ್ತತುದಿಯಲ್ಲಿದೆ, ಕೆಳಗೆ ನಿಂತವರಿಗೆ ಕಾಣುವುದಿಲ್ಲ. ಅಲ್ಲಿ ಚಕ್ರವರ್ತಿ ಇಲ್ಲ, ಮೆರವಣಿಗೆ ಇಲ್ಲ. ಗಂಟುಮೂಟೆ ಹೊತ್ತು, ಮಕ್ಕಳನ್ನು ಕರೆದುಕೊಂಡು ಜನ ಹೊರಟಿದ್ದಾರೆ. ಪಟ್ಟಿ ಕಿರಿದಾಗುತ್ತ ಹೋಗುತ್ತದೆ. ಜನರ ಮುಂದೆ ಅವರ ದನ, ಕುರಿ, ಮೇಕೆ ನಡೆಯುತ್ತಿವೆ. ಅಲ್ಲಿಗೆ ಕೆತ್ತನೆ ನಿಲ್ಲುತ್ತದೆ.